ಬಟ್ಟೆಯ ಎಳೆಗೆ ಎಷ್ಟು ಸರ್ಫ್ಯಾಕ್ಟಂಟ್ ಅಂಟಿತು? ಅಳೆಯುವ ಕ್ರಮ, ತಪ್ಪುವ ಜಾಗಗಳು

ಸರ್ಫ್ಯಾಕ್ಟಂಟ್ ಎಂದರೆ ಸಾಬೂನು, ಡಿಟರ್ಜೆಂಟ್, ಮೆದುಕಾರಕಗಳಲ್ಲಿ ಕೆಲಸ ಮಾಡುವ ವಸ್ತು. ಅದರ ದ್ರಾವಣದಲ್ಲಿ ಬಟ್ಟೆ ಮುಳುಗಿಸಿಡಿ. ಮೊದಲಿದ್ದ ಸಾಂದ್ರತೆಯಿಂದ ಕೊನೆಗೆ ಉಳಿದ ಸಾಂದ್ರತೆಯನ್ನು ಕಳೆಯಿರಿ, ದ್ರಾವಣದ ಗಾತ್ರದಿಂದ ಗುಣಿಸಿ, ಬಟ್ಟೆಯ ತೂಕದಿಂದ ಭಾಗಿಸಿ. ಒಂದು ಗ್ರಾಂ ಬಟ್ಟೆಗೆ ಎಷ್ಟು ಅಂಟಿತು ಎಂಬುದು ಸಿಕ್ಕಿತು. ವಿಧಾನ ಇಷ್ಟೇ. ಆದರೆ ದ್ರಾವಣದಿಂದ ಕಾಣೆಯಾದದ್ದೆಲ್ಲ ಎಳೆಯ ಮೇಲೆಯೇ ಕೂತಿದೆ ಎಂದು ಈ ಕಳೆಯುವ ಲೆಕ್ಕ ನಂಬಿಬಿಡುತ್ತದೆ. ಕೊಳವೆಯ ಗೋಡೆಗೆ ಅಂಟಿದ್ದು, ನೊರೆಯಲ್ಲಿ ಸಿಕ್ಕಿಕೊಂಡದ್ದು, ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಗಸಿಯಾಗಿ ಇಳಿದದ್ದು, ಫಿಲ್ಟರ್ ಹಿಡಿದುಕೊಂಡದ್ದು, ಎಲ್ಲವೂ ಅಧಿಶೋಷಣೆಯ, ಅಂದರೆ ಎಳೆಯ ಮೇಲ್ಮೈಗೆ ಅಂಟಿದ್ದರ, ಖಾತೆಗೇ ಜಮೆಯಾಗುತ್ತವೆ. ಹಾಗಾಗಿ ಇಲ್ಲಿ ಹೇಳುವ ಹೆಚ್ಚಿನ ಕೆಲಸ ಬಟ್ಟೆಗೆ ಸಂಬಂಧಿಸಿದ್ದಲ್ಲ, ಆ ಖಾತೆಯನ್ನು ಶುದ್ಧವಾಗಿಡುವುದಕ್ಕೆ ಸಂಬಂಧಿಸಿದ್ದು.

ಉದಾಹರಣೆಗೆ ಹತ್ತಿ ಬಟ್ಟೆ ಮತ್ತು ಸೀಟೈಲ್‌ಪಿರಿಡೀನಿಯಂ ಕ್ಲೋರೈಡ್ ತೆಗೆದುಕೊಳ್ಳೋಣ; ಮುಂದೆ ಇದನ್ನು ಸಿಪಿಸಿ ಎನ್ನುತ್ತೇವೆ. ಇದು ಧನ ಆವೇಶದ ಸರ್ಫ್ಯಾಕ್ಟಂಟ್. ಇದರ ಪಿರಿಡೀನಿಯಂ ಉಂಗುರ 259 ನ್ಯಾನೋಮೀಟರ್‌ನಲ್ಲಿ ನೇರಳಾತೀತ ಬೆಳಕನ್ನು ಹೀರುವುದರಿಂದ ಬಣ್ಣವಾಗಲಿ ಕ್ಲೋರೋಫಾರ್ಮ್ ಆಗಲಿ ಬೇಕಿಲ್ಲ, ನೇರವಾಗಿ ಅಳೆಯಬಹುದು. ಹೊಸದಾಗಿ ಈ ಕೆಲಸ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಯಾವ ಎಳೆಗೆ ಯಾವುದು ಅಂಟುತ್ತದೆ

ಸರ್ಫ್ಯಾಕ್ಟಂಟ್ ಅಣುವಿಗೆ ನೀರನ್ನು ಒಲಿಯುವ ತಲೆ, ನೀರನ್ನು ಒಲ್ಲದ ಬಾಲ. ಅದು ಎಳೆಯ ಮೇಲೆ ಕೂರಲು ಮುಖ್ಯವಾಗಿ ಎರಡು ಕಾರಣ: ತಲೆಯ ಆವೇಶಕ್ಕೂ ಎಳೆಯ ಆವೇಶಕ್ಕೂ ಸೆಳೆತ, ಅಥವಾ ಬಾಲಕ್ಕೆ ನೀರಿನಿಂದ ತಪ್ಪಿಸಿಕೊಳ್ಳುವ ತವಕ. ಯಾವ ಎಳೆಯಲ್ಲಿ ಯಾವ ಕಾರಣ ಮೇಲುಗೈ ಎಂದು ತಿಳಿದಿದ್ದರೆ ಫಲಿತಾಂಶದ ಅಂದಾಜು ಮೊದಲೇ ಸಿಗುತ್ತದೆ.

ಹತ್ತಿ ಸೆಲ್ಯುಲೋಸ್. ಅದರಲ್ಲಿರುವ ಅಲ್ಪ ಪ್ರಮಾಣದ ಕಾರ್ಬಾಕ್ಸಿಲ್ ಗುಂಪುಗಳಿಂದ ಸಾಮಾನ್ಯ ನೀರಿನಲ್ಲಿ ಅದಕ್ಕೆ ಋಣ ಆವೇಶ. ಧನ ಸರ್ಫ್ಯಾಕ್ಟಂಟ್ ಚೆನ್ನಾಗಿ ಅಂಟುತ್ತದೆ. ಋಣ ಸರ್ಫ್ಯಾಕ್ಟಂಟ್ ಉಪ್ಪು ಅಥವಾ ಕ್ಯಾಲ್ಸಿಯಂ ಇಲ್ಲದಿದ್ದರೆ ಹತ್ತಿರ ಸುಳಿಯುವುದೇ ಕಷ್ಟ. ಆವೇಶರಹಿತ ಎಥಾಕ್ಸಿಲೇಟ್‌ಗಳೂ (ಎಥಿಲೀನ್ ಆಕ್ಸೈಡ್ ಸರಪಳಿಯೇ ತಲೆಯಾಗಿರುವ ಸರ್ಫ್ಯಾಕ್ಟಂಟ್‌ಗಳು) ಹತ್ತಿಗೆ ಕಡಿಮೆಯೇ ಅಂಟುತ್ತವೆ, ಏಕೆಂದರೆ ನೀರಿನಲ್ಲಿ ನೆಂದ ಸೆಲ್ಯುಲೋಸ್ ಬಾಲಕ್ಕೆ ಆಸರೆ ಕೊಡುವ ಮೇಲ್ಮೈ ಅಲ್ಲ.

ಪಾಲಿಯೆಸ್ಟರ್ ನೀರನ್ನು ಒಲ್ಲದ ಎಳೆ. ಅಲ್ಲಿ ಬಾಲ ಎಳೆಯ ಮೇಲೆ ಮಲಗುತ್ತದೆ, ತಲೆ ನೀರಿನ ಕಡೆ ನಿಲ್ಲುತ್ತದೆ. ಎಥಾಕ್ಸಿಲೇಟ್‌ಗಳು ಇಲ್ಲಿ ಸಲೀಸಾಗಿ ಕೂರುತ್ತವೆ. ಪಾಲಿಯೆಸ್ಟರ್‌ಗೂ ನೀರಿನಲ್ಲಿ ಋಣ ಆವೇಶ ಇರುತ್ತದೆ. ಆದರೂ ಬಾಲದ ಸೆಳೆತ ಬಲವಾಗಿರುವುದರಿಂದ ಋಣ ಸರ್ಫ್ಯಾಕ್ಟಂಟ್ ಕೂಡ ಸ್ವಲ್ಪ ಮಟ್ಟಿಗೆ ಅಂಟುತ್ತದೆ.

ಉಣ್ಣೆ, ರೇಷ್ಮೆ, ನೈಲಾನ್ ಬೇರೆಯೇ ಜಾತಿ. ಇವುಗಳಲ್ಲಿ ಅಮೈನ್ ಗುಂಪುಗಳಿವೆ, ಪಿಎಚ್ ಇಳಿದಂತೆ ಧನ ಆವೇಶ ಪಡೆಯುತ್ತವೆ. ಉಣ್ಣೆಯ ಸಮವಿದ್ಯುತ್ ಬಿಂದು, ಅಂದರೆ ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್, 4.5ರ ಆಸುಪಾಸು, ಅದಕ್ಕಿಂತ ಕೆಳಗೆ ಸೋಡಿಯಂ ಡೋಡೆಸೈಲ್ ಸಲ್ಫೇಟ್ ಅಂಥ ಋಣ ಸರ್ಫ್ಯಾಕ್ಟಂಟ್ ಆಮ್ಲ ಬಣ್ಣದ ಹಾಗೆಯೇ ಎಳೆಯ ಒಳಗೆ ನುಗ್ಗುತ್ತದೆ. ಆಗ ನೀವು ಅಳೆಯುತ್ತಿರುವುದು ಮೇಲ್ಮೈ ಅಧಿಶೋಷಣೆಯೇ ಅಲ್ಲ, ಒಳಹೀರಿಕೆ. ಸಂಶಯ ಬಂದರೆ ಒಂದೇ ಪಾಲಿಮರ್‌ನ ದಪ್ಪ ಎಳೆ, ತೆಳು ಎಳೆ ಎರಡನ್ನೂ ಪರೀಕ್ಷಿಸಿ: ವ್ಯಾಸ ಅರ್ಧವಾದಾಗ ಗ್ರಾಂಗೆ ಅಂಟುವ ಪ್ರಮಾಣ ದುಪ್ಪಟ್ಟಾದರೆ ಅದು ಮೇಲ್ಮೈಯದು, ಬದಲಾಗದಿದ್ದರೆ ಒಳಗೆ ಹೋಗುತ್ತಿದೆ.

ಬಟ್ಟೆ ಮುಟ್ಟುವ ಮೊದಲು ಕಾಗದದ ಮೇಲೆ ಲೆಕ್ಕ

ಈ ಲೆಕ್ಕ ಮಾಡದೆ ಪ್ರಯೋಗಕ್ಕಿಳಿದು ಒಂದು ವಾರ ಕಳೆದುಕೊಳ್ಳುವವರೇ ಹೆಚ್ಚು.

12 ಮೈಕ್ರೋಮೀಟರ್ ವ್ಯಾಸದ ಪಾಲಿಯೆಸ್ಟರ್ ಎಳೆ, ಸಾಪೇಕ್ಷ ಸಾಂದ್ರತೆ 1.38. ದುಂಡನೆಯ ನಯವಾದ ಎಳೆಗೆ ಗ್ರಾಂ ಒಂದರ ಮೇಲ್ಮೈ, ನಾಲ್ಕನ್ನು ಎಳೆಯ ಸಾಪೇಕ್ಷ ಸಾಂದ್ರತೆ ಮತ್ತು ಮೈಕ್ರೋಮೀಟರ್ ವ್ಯಾಸದ ಗುಣಲಬ್ಧದಿಂದ ಭಾಗಿಸಿದಷ್ಟು. ಇಲ್ಲಿ ಸುಮಾರು 0.24 ಚದರ ಮೀಟರ್. ಒಂದು ಅಣು 0.5 ಚದರ ನ್ಯಾನೋಮೀಟರ್ ಜಾಗ ಹಿಡಿಯುತ್ತದೆ ಎಂದುಕೊಂಡರೆ ಇಡೀ ಮೇಲ್ಮೈ ತುಂಬಲು ಗ್ರಾಂಗೆ 0.8 ಮೈಕ್ರೋಮೋಲ್ ಸಾಕು. ಗ್ರಾಂ ಬಟ್ಟೆಗೆ 20 ಮಿ.ಲೀ. ದ್ರಾವಣ ಬಳಸಿದರೆ ಸಾಂದ್ರತೆ ಇಳಿಯುವುದು ಬರೀ 0.04 ಮಿಲಿಮೋಲಾರ್ (ಲೀಟರಿಗೆ 0.04 ಮಿಲಿಮೋಲ್). ಆರಂಭದ ಸಾಂದ್ರತೆ 0.2 ಮಿಲಿಮೋಲಾರ್ ಇದ್ದರೆ ಇದು ಐದನೇ ಒಂದು ಭಾಗ, ಸುಲಭವಾಗಿ ಕಾಣುತ್ತದೆ. ಆರಂಭದಲ್ಲೇ 5 ಮಿಲಿಮೋಲಾರ್ ಇಟ್ಟರೆ? ಪ್ರತಿ ಅಳತೆಯಲ್ಲಿ ಶೇ. 1 ತಪ್ಪು ಎಂದರೂ ವ್ಯತ್ಯಾಸದ ತಪ್ಪು 0.07 ಮಿಲಿಮೋಲಾರ್, ಅಂದರೆ ಗ್ರಾಂಗೆ 1.4 ಮೈಕ್ರೋಮೋಲ್. ಅಳೆಯಬೇಕಾದದ್ದಕ್ಕಿಂತ ತಪ್ಪೇ ದೊಡ್ಡದು.

ಎರಡು ದೊಡ್ಡ ಸಂಖ್ಯೆಗಳ ಸಣ್ಣ ವ್ಯತ್ಯಾಸವನ್ನು ನಂಬಬೇಡಿ. ಸಾಂದ್ರತೆ ಕನಿಷ್ಠ ಶೇ. 10, ಸಾಧ್ಯವಾದರೆ ಶೇ. 20ರಿಂದ 60ರಷ್ಟು ಇಳಿಯುವ ಹಾಗೆ ಬಟ್ಟೆ ಮತ್ತು ದ್ರಾವಣದ ಪ್ರಮಾಣ ಹೊಂದಿಸಿಕೊಳ್ಳಿ. ಇಳಿಕೆ ಸಾಲದಿದ್ದರೆ ದ್ರಾವಣ ಕಡಿಮೆ ಮಾಡಿ, 1:20 ಇದ್ದದ್ದನ್ನು 1:10ಕ್ಕೆ ತನ್ನಿ. 1:8ಕ್ಕಿಂತ ಕೆಳಗೆ ಹೋದರೆ ಹತ್ತಿ ಬಟ್ಟೆ ನೀರನ್ನೆಲ್ಲ ಹಿಡಿದುಕೊಂಡು ಅಳೆಯಲು ತಿಳಿ ದ್ರಾವಣವೇ ಸಿಗದು.

ಬಟ್ಟೆ ತಯಾರಿ

ಅಂಗಡಿಯಿಂದ ತಂದ ಬಟ್ಟೆಯಲ್ಲಿ ಗಂಜಿ, ಮೆದುಕಾರಕ, ನೂಲುವಾಗ ಹಚ್ಚಿದ ಎಣ್ಣೆ, ಹೊಳಪಿನ ಬಿಳುಪುಕಾರಕ ಎಲ್ಲ ಇರುತ್ತವೆ. ಹೊಳಪಿನ ಬಿಳುಪುಕಾರಕ ಎರಡು ರೀತಿಯಲ್ಲಿ ಕಾಡುತ್ತದೆ: ನೇರಳಾತೀತ ಬೆಳಕನ್ನು ಹೀರುತ್ತದೆ, ಋಣ ಆವೇಶದ್ದಾದರೆ ಸಿಪಿಸಿಯನ್ನು ಕಟ್ಟಿಹಾಕುತ್ತದೆ. ಅದು ಇಲ್ಲದ, ಗಂಜಿ ತೆಗೆದ, ಬಿಳುಪು ಮಾಡಿದ ಸಾದಾ ನೇಯ್ಗೆಯ ಹತ್ತಿಯನ್ನೇ ಆರಿಸಿ. ನೇರಳಾತೀತ ದೀಪದ ಕೆಳಗೆ ಹಿಡಿದಾಗ ನೀಲಿಯಾಗಿ ಹೊಳೆಯುವ ಬಟ್ಟೆ ಬೇಡ.

ಒಟ್ಟು 100 ಗ್ರಾಂ ಬಟ್ಟೆಯನ್ನು 2 ಸೆಂ.ಮೀ. ಚೌಕಗಳಾಗಿ ಕತ್ತರಿಸಿ. ಅಂಚಿನಲ್ಲಿ ಬಿಡಿಯಾದ ನೂಲು ಕಿತ್ತುಹಾಕಿ. ಇಲ್ಲದಿದ್ದರೆ ಅದೇ ಮುಂದೆ ಬೆಳಕಿನ ಅಳತೆಗೆ ದ್ರಾವಣ ತುಂಬುವ ಪುಟ್ಟ ಪಾತ್ರೆಯಾದ ಕ್ಯೂವೆಟ್‌ನಲ್ಲಿ ತೇಲುತ್ತದೆ. ಲೀಟರಿಗೆ 2 ಗ್ರಾಂ ಸೋಡಿಯಂ ಕಾರ್ಬೊನೇಟ್ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ, ಬಿಸಿನೀರಿನಲ್ಲಿ ತೊಳೆಯಿರಿ. ಡಿಟರ್ಜೆಂಟ್ ಹಾಕಬೇಡಿ. ಆಮೇಲೆ ಸಾಕ್ಸ್‌ಲೆಟ್ ಉಪಕರಣದಲ್ಲಿ ಎಥನಾಲ್‌ನಿಂದ ನಾಲ್ಕರಿಂದ ಆರು ಗಂಟೆ ಸಾರ ತೆಗೆಯಿರಿ.

ಮುಂದಿನ ಹೆಜ್ಜೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಕಾರ್ಬಾಕ್ಸಿಲ್ ಗುಂಪುಗಳ ಮೇಲೆ ತೊಳೆದ ನೀರಿನ ಕ್ಯಾಲ್ಸಿಯಂ ಕೂತಿರುತ್ತದೆ. ಒಂದು ಕಂತಿನ ಬಟ್ಟೆಗೂ ಇನ್ನೊಂದಕ್ಕೂ ಫಲಿತಾಂಶ ಹೊಂದದಿರುವುದಕ್ಕೆ ಅನೇಕ ಸಲ ಇದೇ ಕಾರಣ. ಲೀಟರಿಗೆ 0.01 ಮೋಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 30 ನಿಮಿಷ ಇಟ್ಟು, ಅಯಾನು ತೆಗೆದ ನೀರಿನಲ್ಲಿ ತೊಳೆದು, ಲೀಟರಿಗೆ 0.001 ಮೋಲ್ ಸೋಡಿಯಂ ಬೈಕಾರ್ಬೊನೇಟ್‌ನಲ್ಲಿ 30 ನಿಮಿಷ ಇಡಿ. ಮತ್ತೆ ತೊಳೆಯಿರಿ, ತೊಳೆದ ನೀರಿನ ವಿದ್ಯುದ್ವಾಹಕತೆ ಹೊಸ ನೀರಿನದ್ದಕ್ಕೆ ಹತ್ತಿರ ಬರುವವರೆಗೆ. ಈಗ ಎಲ್ಲ ಗುಂಪುಗಳೂ ಸೋಡಿಯಂ ರೂಪಕ್ಕೆ ಬಂದವು. ನೆರಳಿನಲ್ಲಿ ಒಣಗಿಸಿ, ಕೋಣೆಯ ತೇವಕ್ಕೆ ಒಂದು ದಿನ ಹೊಂದಿಕೊಳ್ಳಲು ಬಿಡಿ.

ತೂಕ ಯಾವಾಗಲೂ ಒಣತೂಕದಲ್ಲಿ ಹೇಳಬೇಕು. ಶೇ. 65 ಸಾಪೇಕ್ಷ ತೇವದಲ್ಲಿ ಹತ್ತಿ ತನ್ನ ಒಣತೂಕದ ಶೇ. 8ರಷ್ಟು ನೀರು ಹಿಡಿದಿರುತ್ತದೆ. ಉಣ್ಣೆಯಲ್ಲಿ ಇದು ಶೇ. 16ರ ಹತ್ತಿರ, ನೈಲಾನ್‌ನಲ್ಲಿ 4, ಪಾಲಿಯೆಸ್ಟರ್‌ನಲ್ಲಿ 0.4. ಪ್ರಯೋಗದ ಬಟ್ಟೆಯನ್ನು ಒಲೆಯಲ್ಲಿ ಒಣಗಿಸಬೇಡಿ, ಒಣಗಿಸಿದ ಸೆಲ್ಯುಲೋಸ್ ಮತ್ತೆ ಅಷ್ಟೇ ಉಬ್ಬುವುದಿಲ್ಲ. ಪಕ್ಕದಲ್ಲಿ ಬೇರೆ ತುಂಡು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ತೇವಾಂಶ ಕಂಡುಕೊಳ್ಳಿ. ಅದು ಒಣತೂಕದ ಶೇ. 8 ಬಂದರೆ, 2.00 ಗ್ರಾಂ ಒಣಬಟ್ಟೆ ಬೇಕಾದಾಗ 2.16 ಗ್ರಾಂ ತೂಗಬೇಕು. ಜೊತೆಗೆ ಬರುವ 0.16 ಗ್ರಾಂ ನೀರು ದ್ರಾವಣಕ್ಕೆ ಸೇರುತ್ತದೆ. ಲೆಕ್ಕದಲ್ಲಿ 40 ಅಲ್ಲ, 40.16 ಮಿ.ಲೀ. ಎಂದು ಬರೆಯಿರಿ.

ದ್ರಾವಣಗಳು

ಸಿಪಿಸಿ ಸಾಮಾನ್ಯವಾಗಿ ಮಾನೋಹೈಡ್ರೇಟ್ ಆಗಿ ಸಿಗುತ್ತದೆ, ಅಣುತೂಕ 358.0. ನೀರಿಲ್ಲದ್ದರ ಅಣುತೂಕ 340.0. ಡಬ್ಬಿಯ ಮೇಲೆ ಯಾವುದಿದೆ ನೋಡಿ, ಇಲ್ಲವಾದರೆ ಶುರುವಿನಲ್ಲೇ ಶೇ. 5 ತಪ್ಪು. ಪುಡಿ ಗಾಳಿಯಲ್ಲಿ ಹಾರಿ ಉಸಿರಿಗೆ ಹೋದರೆ ಅಪಾಯ. ಕೈಗವಸು, ಕನ್ನಡಕ ಹಾಕಿ ಹೊಗೆಗೂಡಿನಲ್ಲಿ ತೂಗಿ. ಉಳಿದ ದ್ರಾವಣವನ್ನು ಚರಂಡಿಗೆ ಬಿಡಬೇಡಿ, ಜಲಚರಗಳಿಗೆ ಇದು ವಿಷ.

ಹಿನ್ನೆಲೆಯ ನೀರಿಗೆ 1 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಹಾಕಿ, ಲೀಟರಿಗೆ 0.0584 ಗ್ರಾಂ. ಎಲ್ಲ ಕೊಳವೆಗಳಲ್ಲೂ ಉಪ್ಪಿನ ಮಟ್ಟ ಸುಮಾರಾಗಿ ಒಂದೇ ಇರಲೆಂದು ಇದು. ಈ ನೀರಿನಲ್ಲಿ 5.00 ಮಿಲಿಮೋಲಾರ್ ಮೂಲದ್ರಾವಣ ಮಾಡಿ: 250 ಮಿ.ಲೀ.ಗೆ 0.4475 ಗ್ರಾಂ ಮಾನೋಹೈಡ್ರೇಟ್. ಅಲುಗಾಡಿಸಿ ನೊರೆ ಎಬ್ಬಿಸದೆ, ನಿಧಾನವಾಗಿ ತಿರುಗಿಸಿ ಕರಗಿಸಿ.

ಇದರಿಂದ 0.02, 0.05, 0.1, 0.2, 0.3, 0.5, 0.8, 1.2, 2.0 ಮಿಲಿಮೋಲಾರ್ ದ್ರಾವಣಗಳನ್ನು ತಲಾ 200 ಮಿ.ಲೀ. ತಯಾರಿಸಿ. ಒಟ್ಟು 207 ಮಿ.ಲೀ. ಮೂಲದ್ರಾವಣ ಖರ್ಚಾಗುತ್ತದೆ, ಉಳಿದದ್ದು ಮಾನಕಗಳಿಗೆ, ಅಂದರೆ ಹೋಲಿಸಿ ನೋಡಲು ಸಾಂದ್ರತೆ ಗೊತ್ತಿರುವ ದ್ರಾವಣಗಳಿಗೆ, ಸಾಕು. ಸಿಪಿಸಿಯ ಸಿಎಂಸಿ, ಅಂದರೆ ಬಾಲಗಳನ್ನು ಒಳಗಿಟ್ಟು ಅಣುಗಳು ಗುಂಪುಗೂಡಿದ ಮಿಸೆಲ್‌ಗಳು ಕಟ್ಟಲು ಶುರುವಾಗುವ ಸಾಂದ್ರತೆ, 0.9 ಮಿಲಿಮೋಲಾರ್ ಹತ್ತಿರ. ಆದ್ದರಿಂದ ಈ ಸಾಲು ಅದರ ಎರಡೂ ಕಡೆ ಹರಡಿಕೊಂಡಿದೆ. ಬೇರೆ ಸರ್ಫ್ಯಾಕ್ಟಂಟ್ ಆದರೆ ಅದರ ಸಿಎಂಸಿಯ ಐವತ್ತನೇ ಒಂದು ಭಾಗದಿಂದ ಎರಡು ಪಟ್ಟಿನವರೆಗೆ ಸಾಲು ಹಾಕಿ. 25 ಡಿಗ್ರಿಯಲ್ಲಿ ಶುದ್ಧ ನೀರಿನಲ್ಲಿ ಸೋಡಿಯಂ ಡೋಡೆಸೈಲ್ ಸಲ್ಫೇಟ್‌ನ ಸಿಎಂಸಿ 8.2 ಮಿಲಿಮೋಲಾರ್, 0.1 ಮೋಲಾರ್ ಉಪ್ಪು ಹಾಕಿದರೆ ಅದು 1.5ರ ಆಸುಪಾಸಿಗೆ ಇಳಿಯುತ್ತದೆ. ಬಾಲಕ್ಕೆ ಎರಡು ಇಂಗಾಲ ಹೆಚ್ಚಾದರೆ ಆವೇಶವಿರುವ ಸರ್ಫ್ಯಾಕ್ಟಂಟ್‌ಗಳ ಸಿಎಂಸಿ ಸುಮಾರು ಕಾಲು ಭಾಗವಾಗುತ್ತದೆ.

ಮಾನಕಗಳಿಗೆ ಮೊದಲು 0.5 ಮಿಲಿಮೋಲಾರ್ ಮಾಡಿಕೊಂಡು, ಅದರಿಂದ 4, 10, 20, 30, 40 ಮಿ.ಲೀ. ತೆಗೆದು 100ಕ್ಕೆ ಏರಿಸಿ, 0.02ರಿಂದ 0.20ರವರೆಗೆ ಐದು ಮಾನಕ. 259 ನ್ಯಾನೋಮೀಟರ್‌ನಲ್ಲಿ, 1 ಸೆಂ.ಮೀ. ಕ್ವಾರ್ಟ್ಜ್ ಕ್ಯೂವೆಟ್‌ನಲ್ಲಿ 0.1 ಮಿಲಿಮೋಲಾರ್‌ಗೆ ಅಬ್ಸಾರ್ಬೆನ್ಸ್ (ದ್ರಾವಣ ಎಷ್ಟು ಬೆಳಕು ಹೀರಿತು ಎಂಬುದರ ಅಳತೆ) ಸುಮಾರು 0.4 ಬರಬೇಕು. ಸಾಮಾನ್ಯ ಗಾಜಿನ ಕ್ಯೂವೆಟ್ ಈ ಬೆಳಕನ್ನೇ ತಡೆಯುತ್ತದೆ.

ಎಷ್ಟು ಹೊತ್ತು ಇಡಬೇಕು

ಇದನ್ನು ಊಹಿಸಬೇಡಿ, ಅಳೆದು ತಿಳಿಯಿರಿ. 0.3 ಮಿಲಿಮೋಲಾರ್ ದ್ರಾವಣದಲ್ಲಿ ಎಂಟು ಕೊಳವೆ ಹೂಡಿ, 5, 15, 30 ನಿಮಿಷ, 1, 2, 4, 8, 24 ಗಂಟೆಗೆ ಒಂದೊಂದನ್ನೇ ತೆರೆಯಿರಿ. ಒಂದೇ ಕೊಳವೆಯಿಂದ ಮತ್ತೆ ಮತ್ತೆ ಮಾದರಿ ತೆಗೆದರೆ ಬಟ್ಟೆ ಮತ್ತು ದ್ರಾವಣದ ಅನುಪಾತವೇ ಬದಲಾಗುತ್ತದೆ. ಅಂಟಿದ ಪ್ರಮಾಣ ಏರುವುದು ನಿಂತ ಸಮಯದ ಎರಡು ಪಟ್ಟನ್ನು ಮುಖ್ಯ ಪ್ರಯೋಗಕ್ಕೆ ಇಟ್ಟುಕೊಳ್ಳಿ. ಹತ್ತಿಯಲ್ಲಿ ಹೆಚ್ಚಿನ ಪಾಲು ಮೊದಲ ಗಂಟೆಯೊಳಗೇ ಮುಗಿದಿರುತ್ತದೆ. 24 ಗಂಟೆ ಕಳೆದರೂ ಏರುತ್ತಲೇ ಇದ್ದರೆ ಸರ್ಫ್ಯಾಕ್ಟಂಟ್ ಎಳೆಯ ಒಳಗೆ ಹೋಗುತ್ತಿದೆ, ಇಲ್ಲವೇ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತಿವೆ. ಎರಡನೆಯದು ಸಿಪಿಸಿಯಲ್ಲಿ ಆಗದು, ಅದೇ ಒಂದು ಕ್ರಿಮಿನಾಶಕ. ಕೊಳೆಯುವ ಋಣ ಸರ್ಫ್ಯಾಕ್ಟಂಟ್‌ಗಳಲ್ಲಿ ಆಗಬಹುದು.

ಮುಖ್ಯ ಪ್ರಯೋಗ

1. ಮುಚ್ಚಳವಿರುವ 50 ಮಿ.ಲೀ. ಪಾಲಿಪ್ರೊಪಿಲೀನ್ ಕೊಳವೆಗಳನ್ನು ತೆಗೆದುಕೊಳ್ಳಿ. ಧನ ಸರ್ಫ್ಯಾಕ್ಟಂಟ್ ಗಾಜಿಗೆ ಗಟ್ಟಿಯಾಗಿ ಅಂಟುವುದರಿಂದ ಗಾಜಿನ ಪಾತ್ರೆ ಇಲ್ಲಿ ಬೇಡ.

2. ಪ್ರತಿ ಸಾಂದ್ರತೆಗೆ ಮೂರು ಕೊಳವೆಗಳಲ್ಲಿ ತಲಾ 2.00 ಗ್ರಾಂ ಒಣತೂಕದ ಬಟ್ಟೆ ಹಾಕಿ 40 ಮಿ.ಲೀ. ದ್ರಾವಣ ಸುರಿಯಿರಿ. ನಾಲ್ಕನೆಯ ಕೊಳವೆಯಲ್ಲಿ ಬಟ್ಟೆಯಿಲ್ಲದೆ ಬರೀ ದ್ರಾವಣ. ಇವಲ್ಲದೆ ಮೂರು ಕೊಳವೆಗಳಲ್ಲಿ ಬಟ್ಟೆ ಮತ್ತು ಉಪ್ಪುನೀರು ಮಾತ್ರ, ಸರ್ಫ್ಯಾಕ್ಟಂಟ್ ಇಲ್ಲ.

3. ಪ್ಲಾಸ್ಟಿಕ್ ಕಡ್ಡಿಯಿಂದ ಒತ್ತಿ ಬಟ್ಟೆಯೊಳಗಿನ ಗಾಳಿಗುಳ್ಳೆ ಬಿಡಿಸಿ. ಗುಳ್ಳೆ ಉಳಿದ ಜಾಗಕ್ಕೆ ದ್ರಾವಣ ತಲುಪುವುದಿಲ್ಲ.

4. 25 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ನಿಧಾನವಾಗಿ ಅತ್ತಿತ್ತ ತೂಗುವ ಹಾಗೆ ಇಡಿ. ಮೇಲೆ ನೊರೆಯ ಪದರ ಕಂಡರೆ ವೇಗ ಹೆಚ್ಚಾಯಿತು ಎಂದರ್ಥ. ನೊರೆಯ ಪ್ರತಿ ಗುಳ್ಳೆಯ ಎರಡೂ ಮುಖಕ್ಕೆ ಸರ್ಫ್ಯಾಕ್ಟಂಟ್ ಹೋಗಿ ಕೂತಿರುತ್ತದೆ, 0.05 ಮಿಲಿಮೋಲಾರ್ ಅಂಥ ತೆಳು ದ್ರಾವಣದಲ್ಲಿ ಈ ನಷ್ಟ ಲೆಕ್ಕ ಕೆಡಿಸುತ್ತದೆ.

5. ಸಮಯ ಮುಗಿದ ಮೇಲೆ ಬಟ್ಟೆ ಹಿಂಡದೆ ತಿಳಿಯನ್ನು ಪಿಪೆಟ್‌ನಿಂದ ತೆಗೆದು, ನಿಮಿಷಕ್ಕೆ 4000 ಸುತ್ತಿನಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಸೋಸಬೇಡಿ, ನೈಲಾನ್ ಮತ್ತು ನೈಟ್ರೋಸೆಲ್ಯುಲೋಸ್ ಪೊರೆಗಳು ತಾವೇ ಸರ್ಫ್ಯಾಕ್ಟಂಟ್ ಹಿಡಿದುಕೊಳ್ಳುತ್ತವೆ.

6. 0.2 ಮಿಲಿಮೋಲಾರ್ ಮೀರಿದವನ್ನು ಉಪ್ಪುನೀರಿನಿಂದ ತೆಳುಮಾಡಿ 259ರಲ್ಲಿ ಅಳೆಯಿರಿ. 320 ನ್ಯಾನೋಮೀಟರ್‌ನಲ್ಲೂ ಓದಿ. ಅಲ್ಲಿ ಸಿಪಿಸಿ ಬೆಳಕು ಹೀರುವುದಿಲ್ಲ, ಅಲ್ಲಿ 0.01ಕ್ಕಿಂತ ಹೆಚ್ಚು ಬಂದರೆ ನೂಲಿನ ಚೂರು ಬೆಳಕು ಚದುರಿಸುತ್ತಿದೆ, ಮತ್ತೆ ಸೆಂಟ್ರಿಫ್ಯೂಜ್ ಮಾಡಿ.

7. ತೆಳು ಮಾದರಿಯಿಂದ ಗಟ್ಟಿ ಮಾದರಿಯ ಕಡೆಗೆ ಅಳೆಯುತ್ತಾ ಹೋಗಿ. ಕ್ಯೂವೆಟ್ ಗೋಡೆಗೂ ಸಿಪಿಸಿ ಅಂಟುತ್ತದೆ, ಆದ್ದರಿಂದ ಪ್ರತಿ ಸಲ ಮುಂದಿನ ಮಾದರಿಯಿಂದಲೇ ಎರಡು ಬಾರಿ ತೊಳೆದು ತುಂಬಿ. ಕೊನೆಯಲ್ಲಿ ಎಥನಾಲ್.

ಬಟ್ಟೆ ಮತ್ತು ಉಪ್ಪುನೀರು ಮಾತ್ರ ಇದ್ದ ಕೊಳವೆಗಳ ಅಬ್ಸಾರ್ಬೆನ್ಸನ್ನು ಎಲ್ಲ ಮಾದರಿಗಳಿಂದ ಕಳೆಯಿರಿ; ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿದ್ದರೆ ಅದರ ಹತ್ತನೇ ಒಂದು ಭಾಗ ಕಳೆದರೆ ಸಾಕು. ಅದು 0.02 ದಾಟಿದರೆ ಬಟ್ಟೆ ಇನ್ನೂ ಶುದ್ಧವಾಗಿಲ್ಲ, ಸಾಕ್ಸ್‌ಲೆಟ್‌ಗೆ ವಾಪಸ್ಸು.

ಲೆಕ್ಕ, ಮತ್ತು ಎಳೆಯೊಳಗಿನ ನೀರು

ಆರಂಭದ ಸಾಂದ್ರತೆ ಎಂದು ಬಟ್ಟೆಯಿಲ್ಲದ ಕೊಳವೆಯ ಅಳತೆಯನ್ನೇ ತೆಗೆದುಕೊಳ್ಳಿ, ಸೀಸೆಯ ಮೇಲೆ ಬರೆದಿದ್ದನ್ನಲ್ಲ. ಗೋಡೆಗೆ ಅಂಟಿದ ಪಾಲು ಆಗ ತಾನಾಗಿ ಹೊರಗುಳಿಯುತ್ತದೆ. ಬಟ್ಟೆಯಿಲ್ಲದ ಕೊಳವೆಯಲ್ಲಿ 0.50, ಬಟ್ಟೆಯಿದ್ದದ್ದರಲ್ಲಿ 0.34 ಮಿಲಿಮೋಲಾರ್ ಬಂತು ಎನ್ನಿ. ಬಟ್ಟೆಯ ತೇವ ಬದಿಗಿಟ್ಟರೆ ವ್ಯತ್ಯಾಸ 0.16, 40 ಮಿ.ಲೀ.ಗೆ 6.4 ಮೈಕ್ರೋಮೋಲ್, 2 ಗ್ರಾಂಗೆ ಹಂಚಿದರೆ ಗ್ರಾಂಗೆ 3.2 ಮೈಕ್ರೋಮೋಲ್, ಸುಮಾರು 1.1 ಮಿ.ಗ್ರಾಂ. ತೇವದ ನೀರನ್ನೂ ಸೇರಿಸಿದಾಗ ಕೊನೆಯಲ್ಲಿ ಉಳಿದದ್ದು 40.16 × 0.34, ಅಂದರೆ 13.65 ಮೈಕ್ರೋಮೋಲ್, ಆರಂಭದ 20.00ರಿಂದ ಕಳೆದರೆ 6.35. ಇಲ್ಲಿ ವ್ಯತ್ಯಾಸ ಸಣ್ಣದು, ಸಾಂದ್ರತೆ ಏರಿದ ಹಾಗೆ ಅದೂ ಬೆಳೆಯುತ್ತದೆ.

ಸಿಎಂಸಿ ದಾಟಿದ ಮೇಲೆ ಅನೇಕರಿಗೆ ವಿಚಿತ್ರ ಎದುರಾಗುತ್ತದೆ: ಸಾಂದ್ರತೆ ಏರಿದಂತೆ ಅಂಟಿದ ಪ್ರಮಾಣ ಕಡಿಮೆಯಾಗುತ್ತದೆ, ಕೆಲವೊಮ್ಮೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಉಪಕರಣ ಕೆಟ್ಟಿಲ್ಲ. ನೆಂದ ಹತ್ತಿ ಗ್ರಾಂಗೆ 0.3ರಿಂದ 0.5 ಗ್ರಾಂ ನೀರನ್ನು ಎಳೆಗೋಡೆಯ ಒಳಗೆ ಹಿಡಿದಿಡುತ್ತದೆ. ಆ ಸೂಕ್ಷ್ಮ ರಂಧ್ರಗಳಿಗೆ ಒಂಟಿ ಅಣು ನುಗ್ಗಬಹುದು, ಹತ್ತಾರು ಅಣುಗಳ ಮಿಸೆಲ್‌ಗೆ ಹೆಚ್ಚಿನ ಕಡೆ ದಾರಿಯಿಲ್ಲ. ಎಳೆ ನೀರನ್ನಷ್ಟೇ ಕುಡಿದು ಮಿಸೆಲ್‌ಗಳನ್ನು ಹೊರಗೆ ಬಿಡುತ್ತದೆ, ಹೊರಗಿನ ದ್ರಾವಣ ಗಟ್ಟಿಯಾಗುತ್ತದೆ. 2 ಗ್ರಾಂ ಬಟ್ಟೆ 0.8 ಮಿ.ಲೀ. ನೀರು ಹೀಗೆ ಕದ್ದರೆ 40ರಲ್ಲಿ ಅದು ಶೇ. 2. 2 ಮಿಲಿಮೋಲಾರ್‌ನಲ್ಲಿ ಸಿಎಂಸಿ ಮೀರಿದ ಪಾಲು 1.1, ಆದ್ದರಿಂದ ಇದರ ಬೆಲೆ ಗ್ರಾಂಗೆ ಸುಮಾರು 0.44 ಮೈಕ್ರೋಮೋಲ್, ನಿಜವಾದ ಬೆಲೆಯಿಂದ ಅಷ್ಟು ಕಡಿಮೆ ತೋರುತ್ತದೆ.

ತಿದ್ದುಪಡಿಗೆ ಎಳೆಗೆ ಅಂಟದ, ಒಳಗೆ ಹೋಗಲಾರದ ದೊಡ್ಡ ಅಣು ಬೇಕು. 20 ಲಕ್ಷ ಅಣುತೂಕದ ನೀಲಿ ಡೆಕ್ಸ್ಟ್ರಾನ್ ಹೊಂದುತ್ತದೆ, 620 ನ್ಯಾನೋಮೀಟರ್ ಸುತ್ತ ಅಳೆಯಬಹುದು. ಅದೇ ಅನುಪಾತದಲ್ಲಿ ಬಟ್ಟೆ ಹಾಕಿ, ಸಾಂದ್ರತೆ ಎಷ್ಟು ಏರಿತು ನೋಡಿದರೆ ಒಳಗೆ ಸಿಕ್ಕಿದ ನೀರು ಗೊತ್ತಾಗುತ್ತದೆ. ಸಿಎಂಸಿಗಿಂತ ಮೇಲಿನ ಬಿಂದುಗಳಲ್ಲಿ, ಸಿಎಂಸಿ ಮೀರಿದ ಪಾಲಿನ ಸಾಂದ್ರತೆಗೆ ಮಾತ್ರ ಆ ಗಾತ್ರ ಕಳೆದು ಲೆಕ್ಕ ಮಾಡಿ. ಪಾಲಿಯೆಸ್ಟರ್‌ಗೆ ಈ ತಲೆನೋವು ಇಲ್ಲ.

ಹತ್ತಿಯ ಫಲಿತಾಂಶವನ್ನು ಚದರ ಮೀಟರ್ ಲೆಕ್ಕದಲ್ಲಿ ಹೇಳುವ ಆಸೆ ಬೇಡ. ಒಣಹತ್ತಿಯ ಮೇಲ್ಮೈಯನ್ನು ಸಾರಜನಕದಿಂದ ಅಳೆದರೆ ಗ್ರಾಂಗೆ ಒಂದು ಚದರ ಮೀಟರ್ ಆಸುಪಾಸು ಬರುತ್ತದೆ. ನೆಂದು ಉಬ್ಬಿದಾಗ ಅದು ಎಷ್ಟೋ ಪಟ್ಟು ದೊಡ್ಡದು. ಗ್ರಾಂ ಲೆಕ್ಕವೇ ಪ್ರಾಮಾಣಿಕ.

ರೇಖೆಯನ್ನು ಓದುವುದು

ಉಳಿದ ಸಾಂದ್ರತೆಯನ್ನು ಅಡ್ಡಕ್ಕೆ, ಅಂಟಿದ ಪ್ರಮಾಣವನ್ನು ಉದ್ದಕ್ಕೆ ಹಾಕಿ. ಎರಡೂ ಅಕ್ಷ ಲಾಗರಿದಮ್‌ನಲ್ಲಿರಲಿ. ಸಾಮಾನ್ಯ ಅಕ್ಷದಲ್ಲಿ ಕೆಳಗಿನ ನಾಲ್ಕೈದು ಬಿಂದುಗಳು ಮೂಲೆಯಲ್ಲಿ ಮುದ್ದೆಯಾಗುತ್ತವೆ, ಸ್ವಾರಸ್ಯ ಇರುವುದೇ ಅಲ್ಲಿ.

ತೀರಾ ತೆಳು ದ್ರಾವಣದಲ್ಲಿ ಒಂದೊಂದೇ ಅಣು ಆವೇಶದ ಸೆಳೆತಕ್ಕೆ ಬಂದು ಕೂರುತ್ತದೆ, ಇಳಿಜಾರು ಒಂದರ ಹತ್ತಿರ. ಒಂದು ಹಂತದಲ್ಲಿ ಇಳಿಜಾರು ಥಟ್ಟನೆ ಕಡಿದಾಗುತ್ತದೆ: ಕೂತ ಅಣುಗಳ ಬಾಲಗಳು ಒಂದನ್ನೊಂದು ಹಿಡಿದು ಗುಂಪು ಕಟ್ಟುತ್ತವೆ. ಖನಿಜ ಮೇಲ್ಮೈಗಳಲ್ಲಿ ಇದನ್ನು 1966ರಲ್ಲಿ ಸೋಮಸುಂದರನ್ ಮತ್ತು ಫರ್ಸ್ಟೆನೌ ವಿವರಿಸಿದರು. ಇವನ್ನು ಹೆಮಿಮಿಸೆಲ್ ಎನ್ನುತ್ತಾರೆ. ಮುಂದೆ ಎಳೆಯ ಆವೇಶ ತೀರಿದಂತೆ ಏರಿಕೆ ನಿಧಾನವಾಗುತ್ತದೆ. ಸಿಎಂಸಿ ಹತ್ತಿರ ರೇಖೆ ಮಟ್ಟವಾಗುತ್ತದೆ. ಆಮೇಲೆ ಹಾಕಿದ ಸರ್ಫ್ಯಾಕ್ಟಂಟ್ ಮಿಸೆಲ್‌ಗಳಿಗೆ ಹೋಗುತ್ತದೆ, ಒಂಟಿ ಅಣುಗಳ ಸಂಖ್ಯೆ ಹೆಚ್ಚುವುದಿಲ್ಲ.

ಲ್ಯಾಂಗ್ಮ್ಯೂರ್ 1918ರಲ್ಲಿ ಕೊಟ್ಟ ಸಮೀಕರಣವನ್ನು ಎಲ್ಲರೂ ಕೂಡಲೇ ಹೊಂದಿಸಲು ಹೊರಡುತ್ತಾರೆ. ಅಣುಗಳು ಒಂದಕ್ಕೊಂದು ಸಂಬಂಧವಿಲ್ಲದೆ, ಒಂದೇ ಪದರದಲ್ಲಿ, ಸಮಾನ ಜಾಗಗಳಲ್ಲಿ ಕೂರುತ್ತವೆ ಎಂಬುದು ಅದರ ಆಧಾರ. ಇಲ್ಲಿ ಮೂರೂ ಸುಳ್ಳು. ಗರಿಷ್ಠ ಪ್ರಮಾಣ ಹೇಳಲು ಅದನ್ನು ಬಳಸಿ, ಆದರೆ ರೇಖೆ ಹೊಂದಿತು ಎಂದ ಮಾತ್ರಕ್ಕೆ ಒಂದೇ ಪದರ ಇದೆ ಎಂದು ತೀರ್ಮಾನಿಸಬೇಡಿ.

ಪದರದ ದಿಕ್ಕು ತಿಳಿಯಲು ನೀರಿನ ಹನಿ ಸಾಕು. ಪ್ರತಿ ಸಾಂದ್ರತೆಯ ಬಟ್ಟೆಯನ್ನು ತೊಳೆಯದೆ ಎರಡು ಹೀರುಕಾಗದಗಳ ನಡುವೆ ಒತ್ತಿ, ಒಣಗಿಸಿ, ಬಿಗಿಯಾಗಿ ಹಿಡಿದು, 1 ಸೆಂ.ಮೀ. ಎತ್ತರದಿಂದ ಒಂದು ಹನಿ ಬಿಡಿ. ಹನಿಯ ಮಿಂಚು ಮಾಯವಾಗುವವರೆಗಿನ ಸೆಕೆಂಡು ಎಣಿಸಿ, ಐದು ಕಡೆ ಮಾಡಿ ಸರಾಸರಿ ತೆಗೆಯಿರಿ. ತಲೆ ಎಳೆಯ ಕಡೆ, ಬಾಲ ಹೊರಗೆ ಇದ್ದರೆ ಹನಿ ನಿಲ್ಲುತ್ತದೆ. ಸಾಂದ್ರತೆ ಮತ್ತಷ್ಟು ಏರಿ ಎರಡನೆಯ ಪದರ ಬಾಲಕ್ಕೆ ಬಾಲ ಸೇರಿಸಿ ಕೂತರೆ ಹನಿ ಮತ್ತೆ ಬೇಗ ಇಳಿಯತೊಡಗುತ್ತದೆ. ಧನ ಮೆದುಕಾರಕ ಹೆಚ್ಚು ಹಾಕಿದ ಟವೆಲ್ ನೀರು ಹೀರದಿರುವುದು ಬಾಲಗಳೇ ಹೊರಗೆ ನಿಂತಿರುವುದರಿಂದ.

ಬೇರೆ ಸರ್ಫ್ಯಾಕ್ಟಂಟ್ ಆದರೆ

ಟ್ರೈಟಾನ್ ಎಕ್ಸ್-100ಕ್ಕೆ ಬೆಂಜೀನ್ ಉಂಗುರ ಇರುವುದರಿಂದ 275 ನ್ಯಾನೋಮೀಟರ್‌ನಲ್ಲಿ ನೇರ ಅಳತೆ. ಡಿಟರ್ಜೆಂಟ್‌ಗಳಲ್ಲಿ ಬರುವ ನೇರ ಸರಪಳಿಯ ಆಲ್ಕೈಲ್‌ಬೆಂಜೀನ್ ಸಲ್ಫೋನೇಟ್ 224ರ ಹತ್ತಿರ ಹೀರುತ್ತದೆ, ಆದರೆ ಅಲ್ಲಿ ಬಟ್ಟೆಯಿಂದ ಬಿಟ್ಟ ಕಲ್ಮಶವೂ ಹೀರುತ್ತದೆ. ಸೋಡಿಯಂ ಡೋಡೆಸೈಲ್ ಸಲ್ಫೇಟ್‌ಗೆ ಉಂಗುರವೇ ಇಲ್ಲ. ಮಿಥಿಲೀನ್ ಬ್ಲೂ ಜೊತೆ ಸೇರಿಸಿ ಕ್ಲೋರೋಫಾರ್ಮ್‌ಗೆ ಎಳೆದು 652ರಲ್ಲಿ ಓದಬೇಕು, ಅಥವಾ ಹೈಯಮಿನ್ 1622 ಎಂಬ ಧನ ಸರ್ಫ್ಯಾಕ್ಟಂಟಿನಿಂದ ಎರಡು ಪದರದ ಟೈಟ್ರೇಶನ್ ಮಾಡಬೇಕು. ಎರಡೂ ಹೊಗೆಗೂಡಿನೊಳಗಿನ ಕೆಲಸ. ಹಳೆಯ ಸೋಡಿಯಂ ಡೋಡೆಸೈಲ್ ಸಲ್ಫೇಟ್ ದ್ರಾವಣ ನಿಧಾನವಾಗಿ ಒಡೆದು ಡೋಡೆಕನಾಲ್ ಬಿಡುತ್ತದೆ, ಅದು ಮೇಲ್ಮೈಗಳಿಗೆ ಇನ್ನೂ ಬೇಗ ಅಂಟುತ್ತದೆ. ದ್ರಾವಣವನ್ನು ಆಯಾ ದಿನವೇ ಮಾಡಿ.

ಸೀಟೈಲ್‌ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್ ಬಳಸುವವರು 30 ಡಿಗ್ರಿಯಲ್ಲಿ ಕೆಲಸ ಮಾಡಿ. 25ರ ಆಸುಪಾಸಿನಲ್ಲಿ ಅದು ಹರಳುಗಟ್ಟಿ ತಳಕ್ಕಿಳಿಯುತ್ತದೆ, ಅಧಿಶೋಷಣೆ ವಿಪರೀತ ಹೆಚ್ಚಿದಂತೆ ಕಾಣುತ್ತದೆ. ಎಥಾಕ್ಸಿಲೇಟ್‌ಗಳಲ್ಲಿ ಇದಕ್ಕೆ ತದ್ವಿರುದ್ಧ: ಬಿಸಿಯಾದಂತೆ ತಲೆಗೆ ನೀರಿನ ಮೇಲಿನ ಒಲವು ಕಡಿಮೆಯಾಗಿ ಎಳೆಗೆ ಹೆಚ್ಚು ಅಂಟುತ್ತವೆ, ಮಬ್ಬು ಬಿಂದು, ಅಂದರೆ ದ್ರಾವಣ ಮಬ್ಬಾಗುವ ತಾಪಮಾನ, ದಾಟಿದರೆ ದ್ರಾವಣವೇ ಒಡೆಯುತ್ತದೆ. ಟ್ರೈಟಾನ್ ಎಕ್ಸ್-100ರ ಮಬ್ಬು ಬಿಂದು 65 ಡಿಗ್ರಿ ಹತ್ತಿರ.

ಸಂಖ್ಯೆ ಹಾಳಾಗುವ ಇತರ ದಾರಿಗಳು

ಋಣ ಸರ್ಫ್ಯಾಕ್ಟಂಟ್ ಹತ್ತಿಗೆ ಚೆನ್ನಾಗಿ ಅಂಟಿತು ಎಂದು ಕಂಡರೆ ಮೊದಲು ನೀರಿನ ಮೇಲೆ ಅನುಮಾನಪಡಿ. ಕ್ಯಾಲ್ಸಿಯಂ ಎರಡು ಕೆಲಸ ಮಾಡುತ್ತದೆ: ಎಳೆಯ ಋಣ ಗುಂಪಿಗೂ ಸರ್ಫ್ಯಾಕ್ಟಂಟಿನ ಋಣ ತಲೆಗೂ ನಡುವೆ ನಿಂತು ನಿಜವಾದ ಅಧಿಶೋಷಣೆ ಹೆಚ್ಚಿಸುತ್ತದೆ, ಜೊತೆಗೆ ಕರಗದ ಕ್ಯಾಲ್ಸಿಯಂ ಲವಣವಾಗಿ ಸುಮ್ಮನೆ ತಳಕ್ಕೂ ಇಳಿಸುತ್ತದೆ. ಬಟ್ಟೆಯಿಲ್ಲದ ಕೊಳವೆ ಮಬ್ಬಾಗಿದ್ದರೆ ಎರಡನೆಯದು ನಡೆಯುತ್ತಿದೆ. ಮಬ್ಬು ಕಾಣದಿದ್ದರೂ ಆ ಕೊಳವೆಯನ್ನು ಸೆಂಟ್ರಿಫ್ಯೂಜ್ ಮಾಡಿಯೇ ಅಳೆಯಿರಿ.

ಕಾರ್ಖಾನೆಯ ಸರ್ಫ್ಯಾಕ್ಟಂಟ್ ಒಂದೇ ಅಣು ಅಲ್ಲ, ಬೇರೆ ಬೇರೆ ಉದ್ದದ ಬಾಲಗಳ ಮಿಶ್ರಣ. ಉದ್ದ ಬಾಲದ್ದು ಮೊದಲು ಎಳೆಗೆ ಅಂಟುತ್ತದೆ. ಸಿಎಂಸಿ ದಾಟಿದ ಮೇಲೆ ಅದೇ ಮೊದಲು ಮಿಸೆಲ್‌ಗೆ ಹಿಂತಿರುಗುತ್ತದೆ. ರೇಖೆಯಲ್ಲಿ ಸಿಎಂಸಿ ಹತ್ತಿರ ಗುಡ್ಡ ಎದ್ದು ಮತ್ತೆ ಇಳಿಯುವುದಕ್ಕೆ ಇದೂ ಒಂದು ಕಾರಣ. ಮಿಸೆಲ್ ಹೊರಗುಳಿಯುವುದರ ತಿದ್ದುಪಡಿ ಮಾಡಿದ ಮೇಲೂ ಗುಡ್ಡ ಉಳಿದರೆ ಶುದ್ಧ ಸರ್ಫ್ಯಾಕ್ಟಂಟಿನಲ್ಲಿ ಒಮ್ಮೆ ಮಾಡಿ ನೋಡಿ.

ಬಟ್ಟೆಯಲ್ಲಿ ಒಗೆಯುವ ಪುಡಿಯ ಋಣ ಸರ್ಫ್ಯಾಕ್ಟಂಟ್ ಉಳಿದಿದ್ದರೆ ಸಿಪಿಸಿ ಅದರ ಜೊತೆ ಕರಗದ ಜೋಡಿಯಾಗಿ ಇಳಿಯುತ್ತದೆ. ಮೆದುಕಾರಕವನ್ನು ಕೊನೆಯ ಜಾಲಾಟದಲ್ಲಿ ಹಾಕುವುದೂ ಇದಕ್ಕೇ.

ಉಪ್ಪು ಹೆಚ್ಚಾದಾಗ ಸಿಪಿಸಿ ತೆಳು ದ್ರಾವಣದಲ್ಲಿ ಹತ್ತಿಗೆ ಕಡಿಮೆ ಅಂಟುತ್ತದೆ, ಗಟ್ಟಿ ದ್ರಾವಣದಲ್ಲಿ ಹೆಚ್ಚು. ತೆಳುವಿನಲ್ಲಿ ಸೋಡಿಯಂ ಜಾಗಕ್ಕೆ ಸ್ಪರ್ಧಿಸುತ್ತದೆ, ಗಟ್ಟಿಯಲ್ಲಿ ಅಕ್ಕಪಕ್ಕದ ತಲೆಗಳ ವಿಕರ್ಷಣೆ ತಗ್ಗಿಸುತ್ತದೆ. ಎರಡು ರೇಖೆ ಒಂದನ್ನೊಂದು ದಾಟಿದರೆ ಗಾಬರಿ ಬೇಡ. ಪಿಎಚ್ 3ಕ್ಕೆ ಇಳಿದರೆ ಕಾರ್ಬಾಕ್ಸಿಲ್ ಗುಂಪುಗಳ ಆವೇಶ ಬಹುಮಟ್ಟಿಗೆ ಹೋಗಿ ಅಂಟುವುದೂ ಕುಸಿಯುತ್ತದೆ.

ಹಿಂದಿನಿಂದ ತಾಳೆ ನೋಡುವುದು

ಎರಡು ಸಾಂದ್ರತೆಗಳಲ್ಲಾದರೂ ಅಂಟಿದ್ದನ್ನು ಬಿಡಿಸಿ ಅಳೆಯಿರಿ. ಬಟ್ಟೆಯನ್ನು ಹೊರತೆಗೆದು ಕೂಡಲೇ ತೂಗಿ. ಅದರಲ್ಲಿ ಉಳಿದ ದ್ರಾವಣದ ಪಾಲು ಎಷ್ಟೆಂದು ಆ ತೂಕ ಹೇಳುತ್ತದೆ. ಅರ್ಧ ನೀರು ಅರ್ಧ ಎಥನಾಲ್‌ನಲ್ಲಿ ಲೀಟರಿಗೆ 0.1 ಮೋಲ್ ಸೋಡಿಯಂ ಕ್ಲೋರೈಡ್ ಹಾಕಿ, 20 ಮಿ.ಲೀ.ಯಂತೆ ಮೂರು ಸಲ, ಪ್ರತಿ ಸಲ ಒಂದು ಗಂಟೆ ಅಲುಗಿಸಿ. ಎಥನಾಲ್ ಬಾಲದ ಹಿಡಿತ ಬಿಡಿಸುತ್ತದೆ, ಉಪ್ಪು ತಲೆಯದ್ದನ್ನು. ಮಾನಕಗಳನ್ನೂ ಅದೇ ಮಿಶ್ರಣದಲ್ಲಿ ಮಾಡಬೇಕು. ವಾಪಸು ಬಂದದ್ದು ಕಳೆದ ಲೆಕ್ಕದ ಶೇ. 95ರಿಂದ 105ರೊಳಗೆ ಇದ್ದರೆ ಖಾತೆ ತಾಳೆಯಾಯಿತು. ಶೇ. 80 ಬಂದರೆ ಉಳಿದದ್ದು ಎಲ್ಲೋ ಬೇರೆಡೆ ಹೋಗಿದೆ. ಕೊಳವೆಯ ಮುಚ್ಚಳದ ಒಳಭಾಗದಿಂದ ಹುಡುಕಲು ಶುರುಮಾಡಿ.

ಅಂಟಿದ್ದು ಬಟ್ಟೆಯ ಉದ್ದಗಲಕ್ಕೂ ಸಮವಾಗಿದೆಯೇ ಎಂದು ನೋಡಲು ಬ್ರೋಮೋಫಿನಾಲ್ ಬ್ಲೂ ಇದೆ. ಶೇ. 0.01ರ ದ್ರಾವಣದಲ್ಲಿ ಐದು ನಿಮಿಷ ಅದ್ದಿ ತೊಳೆದರೆ ಧನ ಸರ್ಫ್ಯಾಕ್ಟಂಟ್ ಇದ್ದ ಕಡೆ ನೀಲಿ ನಿಲ್ಲುತ್ತದೆ, ಗುಳ್ಳೆ ಕೂತಿದ್ದ ಜಾಗ ಬಿಳಿಯಾಗಿ ಉಳಿಯುತ್ತದೆ. ಹತ್ತಿ, ಪಾಲಿಯೆಸ್ಟರ್‌ಗೆ ಮಾತ್ರ ಇದು ಸರಿ. ಉಣ್ಣೆ, ರೇಷ್ಮೆ, ನೈಲಾನ್ ಯಾವ ಸರ್ಫ್ಯಾಕ್ಟಂಟ್ ಇಲ್ಲದೆಯೂ ಆ ಬಣ್ಣ ಹಿಡಿಯುತ್ತವೆ.

ಫಲಿತಾಂಶ ಬರೆದಿಡುವಾಗ ಗ್ರಾಂಗೆ ಇಷ್ಟು ಮೈಕ್ರೋಮೋಲ್ ಎಂಬುದರ ಪಕ್ಕದಲ್ಲೇ ತಾಪಮಾನ, ಕೊನೆಯ ಪಿಎಚ್, ಉಪ್ಪು, ಬಟ್ಟೆ ಮತ್ತು ದ್ರಾವಣದ ಅನುಪಾತ, ಇಟ್ಟ ಸಮಯ, ಬಟ್ಟೆ ಸೋಡಿಯಂ ರೂಪದ್ದೋ ಅಲ್ಲವೋ, ಎಳೆಯೊಳಗಿನ ನೀರಿನ ತಿದ್ದುಪಡಿ ಮಾಡಿದೆಯೋ ಇಲ್ಲವೋ ಎಲ್ಲ ಬರೆಯಿರಿ. ಪಿಎಚ್ ಅನ್ನು ಬಟ್ಟೆ ಹಾಕುವ ಮೊದಲಲ್ಲ, ತೆಗೆದ ಮೇಲೆ ಅಳೆಯಿರಿ. ಬಟ್ಟೆಯಲ್ಲಿ ಉಳಿದ ಬೈಕಾರ್ಬೊನೇಟ್ ಅದನ್ನು ಅರ್ಧ ಘಟಕದಷ್ಟು ಏರಿಸಿರಬಹುದು.